ವಾರ್ತೆಯ ಹಿಂದಣ ಕಂಠ: ಶ್ರವ್ಯ ಸಾಕ್ಷ್ಯರೂಪಕದ ಸ್ವರೂಪವಿಚಾರ

೧

ಲೋಕವಾರ್ತೆಯು ಸ್ವಭಾವತಃ ಸಮೂಹವನ್ನು ಕುರಿತ ಮಾತಾಗಿರುವುದು. ಯುದ್ಧವು ಮೊದಲಾಯಿತು, ಕ್ಷಾಮವು ಹಬ್ಬಿತು, ರಾಜ್ಯವು ಇಬ್ಭಾಗವಾಯಿತು, ಇಷ್ಟು ಲಕ್ಷ ಜನರು ಮಡಿದರು ಎಂದು ಅದು ಸಾರುವುದು. ಇಂತಹ ವಾಕ್ಯಗಳಲ್ಲಿ ಕರ್ತೃಪದವಾಗಿ ನಿಲ್ಲುವವು ಯುದ್ಧ, ಕ್ಷಾಮ, ರಾಜ್ಯ, ಸಂಖ್ಯೆ ಎಂಬಿವೇ. ಸಾಮಾನ್ಯನಾದ ಮನುಷ್ಯನು ಅಲ್ಲಿ ಸಂಖ್ಯೆಯ ಒಳಗಿನ ಒಂದಂಶವಾಗಿ ಅಡಗಿರುವನು. ಅದೇ ಘಟನೆಯನ್ನು ಅನುಭವಿಸಿದವನೊಬ್ಬನು ತನ್ನ ಬಾಯಿಂದಲೇ ಹೇಳತೊಡಗಿದೊಡನೆ ವಾಕ್ಯದ ಕಟ್ಟೇ ಮಾರ್ಪಡುವುದು. ಕ್ಷಾಮವು ಕರ್ತೃಸ್ಥಾನವನ್ನು ಬಿಟ್ಟು ಅಧಿಕರಣವಾಗುವುದು. ಕ್ಷಾಮದಲ್ಲಿ ತಾಯಿ ಏನನ್ನು ಬೇಯಿಸಿದಳು, ಅಣ್ಣನು ಯಾವ ದಾರಿಯಿಂದ ಊರು ಬಿಟ್ಟುಹೋದನು ಎಂಬುದು ಮುಂದೆ ಬರುವುದು.

ಲೋಕವಾರ್ತೆಯ ಹಿಂದಿರುವ ಇಂತಹ ವ್ಯಕ್ತಿವೃತ್ತಾಂತವನ್ನು ಆ ವ್ಯಕ್ತಿಯ ಕಂಠದಿಂದಲೇ ಕೇಳಿಸಲು ಹೊರಟ ಪ್ರಕಾರವೊಂದು ಕಳೆದ ಸುಮಾರು ತೊಂಬತ್ತು ವರ್ಷಗಳಲ್ಲಿ ರೇಡಿಯೋವನ್ನು ಆಶ್ರಯಿಸಿ ಹುಟ್ಟಿ ಬೆಳೆದಿರುವುದು. ಆಂಗ್ಲರು ಇದನ್ನು ರೇಡಿಯೋ ಫೀಚರ್ ಎಂದೂ ಆಡಿಯೋ ಡಾಕ್ಯುಮೆಂಟರಿ ಎಂದೂ ಕರೆಯುವರು. ಕನ್ನಡ ಆಕಾಶವಾಣಿಯ ಬಳಕೆಯಲ್ಲಿ ಇದಕ್ಕೆ ಸಮೀಪವಾದ ಪದ ‘ರೂಪಕ’. ಆದರೆ ನಟರು ನುಡಿಯುವ ಕಲ್ಪಿತ ರಚನೆಗೂ ಅದೇ ಹೆಸರು ಸಲ್ಲುವುದರಿಂದ, ಕಂಡವರ ಮಾತೇ ಶರೀರವಾಗಿರುವ ಪ್ರಕಾರವನ್ನು ‘ಶ್ರವ್ಯ ಸಾಕ್ಷ್ಯರೂಪಕ’ವೆಂದು ಬೇರೆಯಾಗಿ ಹೆಸರಿಸುವುದು ಯುಕ್ತ.

ಸಾಕ್ಷಿ ಎಂಬ ಶಬ್ದವನ್ನು ಪಾಣಿನಿಯು ‘ಸಾಕ್ಷಾತ್ತಾಗಿ ಕಂಡವನು’ ಎಂಬ ಅರ್ಥದಲ್ಲಿ ಸಾಧಿಸಿರುವನು. ಶಬ್ದದ ಮೂಲವು ಕಣ್ಣಿನಲ್ಲಿದ್ದರೂ ಸಾಕ್ಷಿಯ ಕಾರ್ಯವು ನಡೆಯುವುದು ಬಾಯಿಂದ. ಅದು ಮುಟ್ಟುವುದು ಕಿವಿಯನ್ನು. ಕಣ್ಣಿಗೂ ಕಿವಿಗೂ ನಡುವೆ ಇರುವ ಈ ದಾರಿಯಲ್ಲಿ ಸತ್ಯಕ್ಕೆ ಏನೇನು ಸಂಭವಿಸಬಲ್ಲದು ಎಂಬುದೇ ಪ್ರಕೃತ ಪ್ರಕಾರವನ್ನು ಕುರಿತ ಮುಖ್ಯ ಪ್ರಶ್ನೆ. ಇದು ಕೇವಲ ರೇಡಿಯೋದವರ ಪ್ರಶ್ನೆಯಲ್ಲ. ಪಾಠ, ಪಾಠಾಂತರ, ಸಂಪಾದನೆಗಳಲ್ಲಿ ಪರಿಶ್ರಮವುಳ್ಳ ಸಾಹಿತ್ಯವಿದ್ವಾಂಸರಿಗೂ ಸಂಬಂಧಿಸಿದುದು.

೨

ಶ್ರವ್ಯ ಸಾಕ್ಷ್ಯರೂಪಕಕ್ಕೆ ಮೂರು ಅಂಗಗಳುಂಟು. ಮೊದಲನೆಯದು ಅನುಭವಿಸಿದವರ ಕಂಠ. ಎರಡನೆಯದು ಪರಿಸರದ ನಾದ: ಬಾಗಿಲ ಸದ್ದು, ಸಂತೆಯ ಗದ್ದಲ, ಮಳೆ, ರೈಲು, ಹಳೆಯ ಪ್ರಸಾರಗಳ ತುಣುಕು. ಮೂರನೆಯದು ಸೂತ್ರಧಾರನ ನಿರೂಪಣೆ. ಈ ಮೂರನ್ನು ಕತ್ತರಿಸಿ ಹೊಂದಿಸುವ ಸಂಯೋಜನೆಯು ನಾಲ್ಕನೆಯ ಅಂಗವಲ್ಲ. ಅದು ಮೂರರಲ್ಲಿಯೂ ವ್ಯಾಪಿಸಿರುವ ಶಕ್ತಿ. ಕೇಳುವವನಿಗೆ ಕಂಠವು ಕೇಳಿಸುವುದು, ನಾದವು ಕೇಳಿಸುವುದು, ನಿರೂಪಣೆಯು ಕೇಳಿಸುವುದು; ಸಂಯೋಜನೆಯೊಂದು ಮಾತ್ರ ಕೇಳಿಸುವುದಿಲ್ಲ.

ನೆರೆಹೊರೆಯ ಪ್ರಕಾರಗಳಿಂದ ಇದನ್ನು ಬೇರ್ಪಡಿಸುವುದು ಕಷ್ಟವಲ್ಲ. ವಾರ್ತಾಪ್ರಸಾರದಲ್ಲಿ ಓದುವವನು ಘಟನೆಗೆ ಹೊರಗಿನವನು. ಸಂದರ್ಶನದಲ್ಲಿ ಪ್ರಶ್ನೆ ಉತ್ತರಗಳ ಕ್ರಮವೇ ರಚನೆಯ ಕ್ರಮ. ರೇಡಿಯೋ ನಾಟಕದಲ್ಲಿ ಮಾತು ಕವಿಯದು, ಕಂಠವು ನಟನದು. ಸಾಕ್ಷ್ಯರೂಪಕದಲ್ಲಾದರೋ ಮಾತೂ ಕಂಠವೂ ಅನುಭವಿಸಿದವರವು. ಅವುಗಳ ಕ್ರಮವು ಮಾತ್ರ ಇನ್ನೊಬ್ಬನದು. ಹೇಳಿದವನೊಬ್ಬ, ಜೋಡಿಸಿದವನೊಬ್ಬ ಎಂಬ ಈ ದ್ವಿಕರ್ತೃತ್ವವೇ ಪ್ರಕಾರದ ವಿಶೇಷ ಲಕ್ಷಣ. ಇದರ ಗುಣವೂ ಅಪಾಯವೂ ಇಲ್ಲಿಂದಲೇ ಹೊರಡುವುವು.

೩

ಈ ಪ್ರಕಾರದ ಚರಿತ್ರೆಯು ಬಹುಮಟ್ಟಿಗೆ ಧ್ವನಿಮುದ್ರಣ ಯಂತ್ರಗಳ ಚರಿತ್ರೆಯೇ ಆಗಿದೆ. ರೇಡಿಯೋದ ಮೊದಲ ದಿನಗಳಲ್ಲಿ ಪ್ರಸಾರವೆಂದರೆ ಆ ಕ್ಷಣದಲ್ಲಿಯೇ ನುಡಿದ ಮಾತು. ಅಮೆರಿಕಾದ ದೊಡ್ಡ ಪ್ರಸಾರಜಾಲಗಳು ಮುದ್ರಿತ ಧ್ವನಿಯನ್ನು ಬಿತ್ತರಿಸುವುದನ್ನೇ ನಿಷೇಧಿಸಿದ್ದುವು. ೧೯೩೭ನೆಯ ಇಸವಿ ಮೇ ೬ರಂದು ನ್ಯೂಜೆರ್ಸಿಯ ಲೇಕ್‌ಹರ್ಸ್ಟಿನಲ್ಲಿ ಜರ್ಮನಿಯ ‘ಹಿಂಡೆನ್‌ಬರ್ಗ್’ ವಾಯುನೌಕೆಯು ಇಳಿಯುವ ಹೊತ್ತಿನಲ್ಲಿ ಉರಿದುಹೋಗಿ ೩೬ ಮಂದಿ ಮಡಿದರು. ಷಿಕಾಗೋ ನಗರದ ರೇಡಿಯೋ ನಿಲಯವೊಂದರ ವರದಿಗಾರನಾದ ಹರ್ಬರ್ಟ್ ಮಾರಿಸನ್ ಅಲ್ಲಿ ನಿಂತು ಮಾತನಾಡುತ್ತಿದ್ದನು. ಅವನ ಮಾತು ತಟ್ಟೆಯ ಮೇಲೆ ಮುದ್ರಿತವಾಗುತ್ತಿದ್ದಿತು. ವರದಿಯೆಂದು ಮೊದಲಾದ ಮಾತು ಅಳುವಾಗಿ ತಿರುಗಿದುದನ್ನು ಆ ತಟ್ಟೆಯು ಹಿಡಿದಿಟ್ಟಿತು. ಮರುದಿನ ಅದು ಪ್ರಸಾರವಾದಾಗ ಜಾಲದ ನಿಷೇಧವೇ ಸಡಿಲಬೇಕಾಯಿತು.

ಅದೇ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಿ.ಬಿ.ಸಿ.ಯ ಆಲಿವ್ ಷ್ಯಾಪ್ಲಿ ಎಂಬಾಕೆಯು ಮುದ್ರಣಯಂತ್ರವನ್ನು ಹೊತ್ತ ಭಾರಿ ವಾಹನವೊಂದನ್ನು ಬೀದಿಬೀದಿಗೂ ಕೊಂಡೊಯ್ದು, ಗಣಿಗಾರರ ಹೆಂಡಿರು, ವಸತಿಯಿಲ್ಲದವರು ಮೊದಲಾದವರ ಮಾತನ್ನು ಅವರಿದ್ದಲ್ಲಿಯೇ ಮುದ್ರಿಸಿದಳು. ಅದುವರೆಗೆ ಸಾಮಾನ್ಯರು ಪ್ರಸಾರಗೃಹಕ್ಕೆ ಬಂದರೂ, ಮೊದಲೇ ಬರೆದುಕೊಟ್ಟುದನ್ನು ಓದುವುದು ವಾಡಿಕೆಯಾಗಿದ್ದಿತು. ಯಂತ್ರವು ಮನೆಬಾಗಿಲಿಗೆ ಬಂದುದರಿಂದ ಮಾತು ಬರಹದ ಹಂಗನ್ನು ತೊರೆಯಿತು.

ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಉಕ್ಕಿನ ತಂತಿಯ ಮೇಲೆ ಧ್ವನಿಯನ್ನು ಮುದ್ರಿಸುವ ಹಗುರವಾದ ಯಂತ್ರಗಳು ದೊರೆತುವು. ನಾರ್ಮನ್ ಕಾರ್ವಿನ್ ಎಂಬ ಅಮೆರಿಕಾದ ರೇಡಿಯೋ ಲೇಖಕನು ೧೯೪೬ರಲ್ಲಿ ಇಂತಹ ಯಂತ್ರದೊಡನೆ ಭಾರತವೂ ಸೇರಿದಂತೆ ೧೬ ದೇಶಗಳನ್ನು ಸುತ್ತಿ, ಯುದ್ಧಾನಂತರದ ಲೋಕದ ಬಗ್ಗೆ ಪ್ರಧಾನಿಗಳಿಂದ ಹಿಡಿದು ಬೀದಿಯ ಜನರವರೆಗಿನವರ ಮಾತುಗಳನ್ನು ಸಂಗ್ರಹಿಸಿದನು. ೧೯೪೭ರಲ್ಲಿ ಅದು ೧೩ ಭಾಗಗಳ ಪ್ರಸಾರವಾಯಿತು. ಲೋಕವಾರ್ತೆಯನ್ನು ವ್ಯಕ್ತಿಗಳ ಕಂಠದ ಮೂಲಕ ತಿಳಿಯಬಹುದೆಂಬ ಸಂಕಲ್ಪವು ಇಷ್ಟು ವಿಸ್ತಾರವಾಗಿ ಕಾರ್ಯರೂಪಕ್ಕೆ ಬಂದ ಮೊದಲ ಯತ್ನಗಳಲ್ಲಿ ಅದೂ ಒಂದು.

ಅನಂತರ ಕಾಂತಪಟ್ಟಿ, ಎಂದರೆ ಟೇಪು, ಬಂದಿತು. ತಂತಿಗಿಂತ ಟೇಪನ್ನು ಕತ್ತರಿಸಿ ಅಂಟಿಸುವುದು ಬಹು ಸುಲಭ. ೧೯೫೭ನೆಯ ಫೆಬ್ರುವರಿಯಲ್ಲಿ ರೈಲ್ವೆ ಅಪಘಾತವೊಂದರಲ್ಲಿ ತನ್ನ ಯಂತ್ರವನ್ನು ಬಿಡದೆ ನಿಂತು ಮಡಿದ ಚಾಲಕ ಜಾನ್ ಆಕ್ಸನನನ್ನು ಕುರಿತು ಚಾರ್ಲ್ಸ್ ಪಾರ್ಕರ್, ಯೂಅನ್ ಮೆಕ್‌ಕಾಲ್, ಪೆಗಿ ಸೀಗರ್ ಎಂಬ ಮೂವರು ೧೯೫೮ರಲ್ಲಿ ಬಿ.ಬಿ.ಸಿ.ಗಾಗಿ ರೂಪಕವೊಂದನ್ನು ರಚಿಸಿದರು. ಅವನ ಸಹೋದ್ಯೋಗಿಗಳ ಮಾತುಗಳನ್ನು ಮುದ್ರಿಸಿಕೊಂಡು ಬಂದು ವಾಡಿಕೆಯಂತೆ ನಟರಿಂದ ನುಡಿಸಬೇಕೆಂದಿದ್ದವರು, ಮುದ್ರಿಕೆಯನ್ನು ಕೇಳಿದ ಮೇಲೆ ಆ ಕಂಠಗಳಿಗೆ ಪ್ರತಿನಿಧಿಯಿಲ್ಲವೆಂದು ಕಂಡು ಅವುಗಳನ್ನೇ ಉಳಿಸಿಕೊಂಡರು. ಈ ಬಗೆಯ ಎಂಟು ರೂಪಕಗಳು ೧೯೬೪ರವರೆಗೆ ಹೊರಬಂದುವು. ೧೯೬೬ರಲ್ಲಿ ಬಿ.ಬಿ.ಸಿ.ಯ ಲೋಕಸೇವಾ ವಿಭಾಗದಲ್ಲಿ ಮೊದಲಾದ ‘ಔಟ್‌ಲುಕ್’ ಎಂಬ ಕಾರ್ಯಕ್ರಮವು ವ್ಯಕ್ತಿವೃತ್ತಾಂತವನ್ನೇ ತನ್ನ ವಿಷಯವಾಗಿ ಮಾಡಿಕೊಂಡಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ಪಾಡ್‌ಕಾಸ್ಟ್ ಎಂಬ ಪ್ರಸಾರಕ್ರಮವು ಬಂದುದರಿಂದ ಇಂತಹ ರಚನೆಗಳು ನಿಲಯದ ವೇಳಾಪಟ್ಟಿಯಿಂದಲೂ ಬಿಡುಗಡೆ ಹೊಂದಿ, ಕೇಳುವವನು ಬೇಕೆಂದಾಗ ಕೇಳುವಂತಾದುವು.

೪

ಈ ಚರಿತ್ರೆಯಲ್ಲಿ ವಿದ್ವಾಂಸರ ವಿಶೇಷ ಗಮನಕ್ಕೆ ಅರ್ಹವಾದುದು ಡೇವಿಡ್ ಬೋಡರ್ ಎಂಬ ಮನಶ್ಶಾಸ್ತ್ರಜ್ಞನ ಕಾರ್ಯ. ಲಾಟ್ವಿಯಾದಲ್ಲಿ ಹುಟ್ಟಿ ಷಿಕಾಗೋದಲ್ಲಿ ಅಧ್ಯಾಪಕನಾಗಿದ್ದ ಈತನು ೧೯೪೬ರ ಬೇಸಗೆಯಲ್ಲಿ ತಂತಿಮುದ್ರಣ ಯಂತ್ರದೊಡನೆ ಯೂರೋಪಿಗೆ ಹೋಗಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಜರ್ಮನಿಗಳಲ್ಲಿ ನಿರಾಶ್ರಿತರ ಬಿಡಾರಗಳಲ್ಲಿದ್ದ ಸುಮಾರು ೧೩೦ ಮಂದಿಯ ಮಾತುಗಳನ್ನು ಒಂಬತ್ತು ಭಾಷೆಗಳಲ್ಲಿ ಮುದ್ರಿಸಿಕೊಂಡನು. ಇವರಲ್ಲಿ ಬಹುಮಂದಿ ನಾಟ್ಸಿಗಳ ಬಂಧನ ಶಿಬಿರಗಳಿಂದ ಬದುಕಿ ಬಂದ ಯೆಹೂದ್ಯರು. ಆ ಹತ್ಯಾಕಾಂಡಕ್ಕೆ ಸರ್ವಸಮ್ಮತವಾದ ಒಂದು ಹೆಸರೂ ಇನ್ನೂ ಹುಟ್ಟಿರದಿದ್ದ ಕಾಲವದು. ಶಿಬಿರಗಳ ವಾರ್ತೆಯನ್ನು ಪತ್ರಿಕೆಗಳು ಛಾಯಾಚಿತ್ರಗಳೊಡನೆ ಪ್ರಕಟಿಸಿದ್ದುವು. ಆದರೆ ಚಿತ್ರದಲ್ಲಿ ಕಂಡವರು ಮೂಕರಾಗಿದ್ದರು.

ಬೋಡರನ ಕ್ರಮದಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಆತನು ಪ್ರತಿಯೊಬ್ಬನೂ ತನ್ನ ನುಡಿಯಲ್ಲಿ, ತನ್ನ ಕಂಠದಲ್ಲಿ ಹೇಳಬೇಕೆಂದು ನಿಯಮಿಸಿಕೊಂಡನು. ಇನ್ನೊಂದು, ಇಂಗ್ಲಿಷಿಗೆ ಪರಿವರ್ತಿಸುವಾಗ ತೊದಲನ್ನೂ ಮುರಿದ ವಾಕ್ಯಗಳನ್ನೂ ತಿದ್ದಿ ನಯಗೊಳಿಸಲಿಲ್ಲ. ಮಾತಿನ ಮುರಿತವೇ ಅನುಭವದ ಗುರುತೆಂದು ಆತನು ತಿಳಿದಿದ್ದನು. ಈ ಸಂಗ್ರಹದಿಂದ ಆಯ್ದ ಎಂಟು ವೃತ್ತಾಂತಗಳು ೧೯೪೯ರಲ್ಲಿ ‘ನಾನು ಸತ್ತವರನ್ನು ಸಂದರ್ಶಿಸಲಿಲ್ಲ’ ಎಂಬರ್ಥದ ಹೆಸರಿನ ಪುಸ್ತಕವಾಗಿ ಹೊರಬಂದುವು. ಗ್ರಂಥದ ಹೆಸರೇ ಒಂದು ಪ್ರಮಾಣಮೀಮಾಂಸೆಯಾಗಿರುವುದು. ಬದುಕಿ ಉಳಿದವರ ಮಾತು ಎಷ್ಟು ಘೋರವಾದರೂ ಅದು ಘೋರತೆಯ ಪರಮಾವಧಿಯಲ್ಲ. ಪರಮಾವಧಿಯನ್ನು ಕಂಡವರು ಹೇಳಲು ಉಳಿಯಲಿಲ್ಲ. ಪ್ರತಿಯೊಂದು ಸಾಕ್ಷ್ಯರೂಪಕದ ಹಿಂದೆಯೂ ಮುದ್ರಣವಾಗದ ಒಂದು ಮೌನವಿರುವುದೆಂಬುದನ್ನು ಈ ಹೆಸರು ಜ್ಞಾಪಿಸುತ್ತಿರುವುದು.

೫

ಕಂಠಕ್ಕೆ ಇಷ್ಟು ಮಹತ್ತ್ವವೇಕೆ? ಅದೇ ಮಾತುಗಳನ್ನು ಬರೆದು ಓದಿದರೆ ಸಾಲದೆ? ಈ ಪ್ರಶ್ನೆಗೆ ಭಾರತೀಯ ಕಾವ್ಯಶಾಸ್ತ್ರದಲ್ಲಿ ಸಿದ್ಧವಾದ ಒಂದು ಪರಿಭಾಷೆಯುಂಟು. ಅದು ಕಾಕು, ಎಂದರೆ ಕಂಠದ ವಿಕಾರದಿಂದ ಹೊರಡುವ ಅರ್ಥವಿಶೇಷ. ಭರತನು ನಾಟ್ಯಶಾಸ್ತ್ರದಲ್ಲಿ ಕಾಕುವನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ವಿಭಾಗಿಸಿ, ಪಾಠ್ಯಕ್ಕೆ ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂಬ ಆರು ಅಲಂಕಾರಗಳನ್ನು ಹೇಳಿರುವನು. ರುದ್ರಟನು ಕಾಕುವಕ್ರೋಕ್ತಿಯನ್ನು ಶಬ್ದಾಲಂಕಾರವೆಂದು ಎಣಿಸಿದರೆ, ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಅದನ್ನು ಒಪ್ಪದೆ, ಕಾಕುವು ಅಭಿಪ್ರಾಯವುಳ್ಳ ಪಾಠಧರ್ಮ, ಅಲಂಕಾರವಾಗಲಾರದು ಎಂದನು. ಎಂದರೆ ಅದು ಬರೆದ ಶಬ್ದಕ್ಕೆ ಸೇರಿದುದಲ್ಲ, ನುಡಿಯುವ ಕಂಠಕ್ಕೆ ಸೇರಿದುದು. ಬರಹಕ್ಕೆ ಇಳಿದೊಡನೆ ಅದು ತಪ್ಪಿಹೋಗುವುದು. ಮುದ್ರಿತ ವಾರ್ತೆಯಲ್ಲಿ ಕಳೆದುಹೋಗುವುದು ಇದೇ. ಸಾಕ್ಷ್ಯರೂಪಕದಲ್ಲಿ ಉಳಿಯುವುದೂ ಇದೇ.

ಭರತನು ಪಾಠ್ಯದ ಅಂಗಗಳಲ್ಲಿ ‘ವಿಚ್ಛೇದ’ವನ್ನೂ ಹೇಳಿರುವನು, ಅದು ಮಾತಿನ ನಡುವಣ ನಿಲುಗಡೆ. ಸಾಕ್ಷ್ಯರೂಪಕದಲ್ಲಿ ವಿಚ್ಛೇದದ ಬೆಲೆಯು ಮಾತಿನ ಬೆಲೆಗೆ ಕಡಿಮೆಯಾದುದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕ ಜನರು ಏಡ್ಸ್ ರೋಗಾಣುವಿಗೆ ತುತ್ತಾಗಿದ್ದರೆಂಬ ವಾರ್ತೆಯು ಈ ಶತಮಾನದ ಮೊದಲ ದಶಕದಲ್ಲಿ ಲೋಕಕ್ಕೆಲ್ಲ ತಿಳಿದಿದ್ದಿತು. ಕೇಪ್‌ಟೌನಿನ ಬಳಿಯ ಖಾಯೆಲಿಟ್ಷಾ ಎಂಬಲ್ಲಿಯ ತೆಂಬಿ ಎಂಬ ತರುಣಿಗೆ ಜೋ ರಿಚ್‌ಮನ್ ಎಂಬ ಅಮೆರಿಕಾದ ರೂಪಕಕಾರನು ಧ್ವನಿಮುದ್ರಕವೊಂದನ್ನು ಕೊಟ್ಟನು. ಒಂದು ವರ್ಷ ಕಾಲ ಆಕೆ ತನ್ನ ದಿನಚರಿಯನ್ನು ತಾನೇ ಮುದ್ರಿಸಿದಳು. ೨೦೦೬ರಲ್ಲಿ ಅದು ಪ್ರಸಾರವಾಯಿತು. ತನ್ನ ರೋಗವನ್ನು ತಂದೆಗೆ ತಿಳಿಸುವ ಸಂದರ್ಭವೂ ಅದರಲ್ಲಿ ಸೇರಿದೆ. ಅಂಥ ಸಂದರ್ಭದ ಮಾತುಗಳನ್ನು ಬರೆದರೆ ಕೆಲವೇ ಪಂಕ್ತಿಗಳಾಗುವುವು. ಆ ಪಂಕ್ತಿಗಳ ನಡುವೆ ತಂದೆಮಗಳು ಕಳೆದ ಕಾಲವು ಬರಹದಲ್ಲಿ ಇರುವುದಿಲ್ಲ. ೨೦೦೯ರಲ್ಲಿ ಆಕೆ ತೀರಿಕೊಂಡಳು. ಕಂಠವು ಉಳಿದಿದೆ.

ಆದರೆ ಕಂಠವನ್ನು ಹಿಡಿಯುವ ಯಂತ್ರವೂ ನಿರ್ದುಷ್ಟವಲ್ಲ. ಮೇಲೆ ಹೇಳಿದ ಮಾರಿಸನನ ವರದಿಯನ್ನೇ ನೋಡಬಹುದು. ಮುದ್ರಣ ಕಾಲದಲ್ಲಿ ತಟ್ಟೆಯು ಕೊಂಚ ನಿಧಾನವಾಗಿ ತಿರುಗಿದುದರಿಂದ, ಮರಳಿ ನುಡಿಸುವಾಗ ಮಾತು ವೇಗಗೊಂಡು, ಸಹಜವಾಗಿ ಗಂಭೀರವಾಗಿದ್ದ ಆತನ ಕಂಠವು ಏರುಸ್ಥಾಯಿಯಲ್ಲಿ ಕೇಳಿಸುವುದೆಂದು ಪರೀಕ್ಷಕರು ನಿರ್ಣಯಿಸಿರುವರು. ಭಯವಿಹ್ವಲತೆಯ ಮಾದರಿಯೆಂದು ಲೋಕವು ಬಹುಕಾಲ ಕೇಳಿದ ಆ ಕಾಕುವಿನಲ್ಲಿ ಒಂದು ಪಾಲು ಮಾರಿಸನನದಾದರೆ ಒಂದು ಪಾಲು ಯಂತ್ರದ್ದು. ಹಸ್ತಪ್ರತಿಯಲ್ಲಿ ಲಿಪಿಕಾರನ ದೋಷವಿರುವಂತೆ ಧ್ವನಿಮುದ್ರಿಕೆಯಲ್ಲಿ ಯಂತ್ರದೋಷವಿರುವುದು.

೬

ವ್ಯಕ್ತಿಕಂಠವು ವಾರ್ತೆಗೆ ಅಲಂಕಾರಮಾತ್ರವೆಂದು ತಿಳಿಯುವುದು ಸರಿಯಲ್ಲ. ವಾರ್ತೆಯೇ ಅಡಗಿಹೋದಲ್ಲಿ ಅದು ವಾರ್ತೆಯ ಸ್ಥಾನವನ್ನೇ ತುಂಬಬೇಕಾಗುವುದು. ಇದಕ್ಕೆ ೧೯೪೩ರ ಬಂಗಾಳದ ಕ್ಷಾಮವು ಉತ್ತಮ ನಿದರ್ಶನ. ಜಪಾನೀಯರು ಬರ್ಮಾ ದೇಶವನ್ನು ಆಕ್ರಮಿಸಿದುದರಿಂದ ಅಲ್ಲಿಯ ಅಕ್ಕಿ ನಿಂತುಹೋದುದು, ಶತ್ರುಗಳಿಗೆ ಸಿಕ್ಕದಿರಲೆಂದು ಸರಕಾರವು ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ವಶಪಡಿಸಿಕೊಂಡುದು, ೧೯೪೨ರ ಅಕ್ಟೋಬರಿನ ಚಂಡಮಾರುತ, ಯುದ್ಧಕಾಲದ ಬೆಲೆಯೇರಿಕೆ, ಹೊರಗಿನಿಂದ ಧಾನ್ಯವನ್ನು ತರಿಸುವುದರಲ್ಲಿ ಆದ ಉಪೇಕ್ಷೆ ಇವೆಲ್ಲ ಸೇರಿ ಈ ವಿಪತ್ತು ಸಂಭವಿಸಿತು. ಸರಕಾರವು ಕ್ಷಾಮಸಂಹಿತೆಯ ಪ್ರಕಾರ ಕ್ಷಾಮವೆಂದು ಘೋಷಿಸಲೇ ಇಲ್ಲ. ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ೧೯೪೩ರ ಆಗಸ್ಟ್ ೨೨ರಂದು ಬೀದಿಯಲ್ಲಿ ಸಾಯುತ್ತಿದ್ದವರ ಛಾಯಾಚಿತ್ರಗಳನ್ನು ಅಚ್ಚುಮಾಡಿದ ಮೇಲೆಯೇ ಲೋಕದ ಕಣ್ಣು ತೆರೆಯಿತು. ೧೯೪೫ರ ವಿಚಾರಣಾ ಆಯೋಗವು ಮೃತರ ಸಂಖ್ಯೆಯನ್ನು ಸುಮಾರು ೧೫ ಲಕ್ಷವೆಂದು ಗಣಿಸಿತು. ಅನಂತರದ ಅನೇಕ ವಿದ್ವಾಂಸರು ಸುಮಾರು ೩೦ ಲಕ್ಷವೆಂದಿರುವರು. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿಯೇ ಹದಿನೈದು ಲಕ್ಷ ಜನರಿರುವರು.

ಇಷ್ಟು ದೊಡ್ಡ ಘಟನೆಯನ್ನು ಕುರಿತು ಅನುಭವಿಸಿದವರ ಕಂಠಗಳ ಕ್ರಮಬದ್ಧವಾದ ಸಂಗ್ರಹವು ಬಹುಕಾಲ ಆಗಲಿಲ್ಲ. ೨೦೧೭ರಲ್ಲಿ, ದೇಶವಿಭಜನೆಯ ಎಪ್ಪತ್ತನೆಯ ವರ್ಷದಲ್ಲಿ, ಇಂಗ್ಲೆಂಡಿನಲ್ಲಿ ನೆಲಸಿದ ಭಾರತೀಯ, ಪಾಕಿಸ್ತಾನೀಯ ವೃದ್ಧರಿಂದ ವಿಭಜನೆಯ ನೆನಪುಗಳನ್ನು ಸಂಗ್ರಹಿಸಿ ರೂಪಕಮಾಲೆಯನ್ನು ರಚಿಸಿದ್ದ ಕವಿತಾ ಪುರಿ ಎಂಬಾಕೆಯು ೨೦೨೪ರಲ್ಲಿ ಬಿ.ಬಿ.ಸಿ.ಗಾಗಿ ‘ಮೂವತ್ತು ಲಕ್ಷ’ ಎಂಬರ್ಥದ ಹೆಸರಿನಿಂದ ಬಂಗಾಳ ಕ್ಷಾಮವನ್ನು ಕುರಿತ ಮಾಲೆಯನ್ನು ಹೊರತಂದಳು. ಕ್ಷಾಮ ಕಳೆದು ಎಂಬತ್ತು ವರ್ಷಗಳಾಗಿದ್ದುವು. ಆಗ ಮಕ್ಕಳಾಗಿದ್ದವರು ತೊಂಬತ್ತರ ಅಂಚಿನಲ್ಲಿದ್ದರು. ಬಂಗಾಳದ ಹಳ್ಳಿಗಳಲ್ಲಿ ಸಂಚರಿಸಿ, ಕಾಗದ ಲೇಖನಿಗಳಿಂದಲೇ ಇಂತಹ ಅತಿವೃದ್ಧರ ಮಾತುಗಳನ್ನು ಬರೆದುಕೊಳ್ಳುತ್ತಿದ್ದ ಒಬ್ಬ ಬಂಗಾಳಿಯ ಪ್ರಯತ್ನವೂ ಆ ಮಾಲೆಯಲ್ಲಿ ಕಾಣಿಸಿಕೊಂಡಿತು. ಒಂದು ಸಂಖ್ಯೆಯನ್ನು ಹೆಸರಾಗಿಟ್ಟುಕೊಂಡು, ಆ ಸಂಖ್ಯೆಯನ್ನು ಒಡೆದು ಒಬ್ಬೊಬ್ಬರನ್ನಾಗಿ ಕೇಳಿಸುವುದೇ ಅದರ ರಚನಾತತ್ತ್ವ.

ಎಂಬತ್ತು ವರ್ಷಗಳ ಹಿಂದಿನ ಬಾಲ್ಯಸ್ಮೃತಿಯು ಪ್ರಮಾಣವಾಗುವುದೆ ಎಂಬ ಆಕ್ಷೇಪವು ಇಲ್ಲಿ ಏಳುವುದು ಸಹಜ. ಬೆಲೆ, ದಿನಾಂಕ, ಸರಕಾರದ ನಿರ್ಣಯ ಇವುಗಳ ವಿಷಯದಲ್ಲಿ ಅದು ಪ್ರಮಾಣವಲ್ಲ; ಅವುಗಳಿಗೆ ದಾಖಲೆಗಳೇ ಬೇಕು. ಹಸಿದ ಮನೆಯಲ್ಲಿ ಮೊದಲು ಉಣ್ಣದೆ ಉಳಿಯುತ್ತಿದ್ದವರು ಯಾರು, ಗಂಜಿಯ ತಿಳಿಯನ್ನು ಬೇಡಿ ಬಂದವರನ್ನು ಊರವರು ಹೇಗೆ ಕಂಡರು ಎಂಬ ವಿಷಯದಲ್ಲಿ ದಾಖಲೆಗಳು ಮೂಕವಾಗಿರುವುವು. ಅಲ್ಲಿ ಸ್ಮೃತಿಯೇ ಪ್ರಮಾಣ. ಎರಡರ ವಿಷಯವೂ ಬೇರೆ ಬೇರೆಯಾದುದರಿಂದ ಒಂದು ಇನ್ನೊಂದನ್ನು ಬಾಧಿಸುವುದಿಲ್ಲ.

೭

ನ್ಯಾಯಶಾಸ್ತ್ರವು ಆಪ್ತನ ಉಪದೇಶವನ್ನು ಶಬ್ದಪ್ರಮಾಣವೆಂದು ಒಪ್ಪಿರುವುದಷ್ಟೆ. ವಾತ್ಸ್ಯಾಯನನ ಭಾಷ್ಯದ ಪ್ರಕಾರ ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ಕರಿಸಿಕೊಂಡವನು ಮತ್ತು ಕಂಡುದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನು ಸೇರಿಸಿರುವನು. ಪ್ರಾಮಾಣ್ಯವು ಹುಟ್ಟಿನಿಂದಾಗಲಿ ಪದವಿಯಿಂದಾಗಲಿ ಬರುವುದಲ್ಲ, ಕಂಡುದರಿಂದಲೂ ಪ್ರಾಮಾಣಿಕತೆಯಿಂದಲೂ ಬರುವುದು ಎಂಬ ಈ ಮಾತಿಗಿಂತ ಸಾಕ್ಷ್ಯರೂಪಕಕ್ಕೆ ಒಪ್ಪುವ ಮೂಲಸೂತ್ರವು ಬೇರೆ ಇರಲಾರದು. ಮಂತ್ರಿಯ ಹೇಳಿಕೆಗೆ ವಾರ್ತೆಯಲ್ಲಿ ಇರುವ ಸ್ಥಾನವು ಇಲ್ಲಿ ಬಂಗಾಳದ ಮುದುಕಿಗೆ ಲಭಿಸುವುದು.

ಆದರೆ ಲಕ್ಷಣದ ಎರಡು ಭಾಗಗಳಲ್ಲಿ ಒಂದು ಇಲ್ಲದಿದ್ದರೂ ಪ್ರಾಮಾಣ್ಯವು ಬೀಳುವುದು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ೨೦೧೮ರಲ್ಲಿ ‘ಕ್ಯಾಲಿಫೇಟ್’ ಎಂಬ ಶ್ರವ್ಯಮಾಲೆಯನ್ನು ಪ್ರಕಟಿಸಿತು. ಸಿರಿಯಾ ದೇಶದ ಉಗ್ರಗಾಮಿ ಸಂಘಟನೆಯಲ್ಲಿದ್ದು ಕೊಲೆಗಳನ್ನು ಮಾಡಿದೆನೆಂದು ಹೇಳಿಕೊಂಡ ಕೆನಡಾ ದೇಶದ ಯುವಕನೊಬ್ಬನ ಕಂಠವು ಅದರ ಪ್ರಧಾನ ಆಧಾರವಾಗಿದ್ದಿತು. ಮಾಲೆಗೆ ಪೀಬಡಿ ಪ್ರಶಸ್ತಿಯೂ ದೊರೆಯಿತು. ೨೦೨೦ರಲ್ಲಿ ಕೆನಡಾದ ಪೊಲೀಸರು ಆತನು ಸುಳ್ಳುಕಥೆ ಕಟ್ಟಿದನೆಂದು ಮೊಕದ್ದಮೆ ಹೂಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಪತ್ರಿಕೆಯು ತನ್ನ ಪರಿಶೀಲನೆಯು ಸಾಲದಾಯಿತೆಂದು ಒಪ್ಪಿ ಪ್ರಶಸ್ತಿಯನ್ನು ಹಿಂದಿರುಗಿಸಿತು. ೨೦೨೧ರಲ್ಲಿ ಆತನು ತನ್ನ ಕಥೆಯು ಕಲ್ಪಿತವೆಂದು ನ್ಯಾಯಾಲಯದ ಮುಂದೆ ಒಪ್ಪಿಕೊಂಡನು.

ಈ ಪ್ರಕರಣದಲ್ಲಿ ಕಾಕುವಿನ ಕೊರತೆಯಿರಲಿಲ್ಲವೆಂಬುದೇ ಪರ್ಯಾಲೋಚನೆಗೆ ಅರ್ಹವಾದ ವಿಷಯ. ತಡವರಿಕೆ, ನಿಲುಗಡೆ, ತಗ್ಗಿದ ದನಿ ಎಲ್ಲವೂ ಸತ್ಯದ ಛಾಯೆಯನ್ನೇ ಕೊಟ್ಟಿದ್ದುವು. ಇದರಿಂದ ಸಿದ್ಧವಾಗುವುದೇನೆಂದರೆ, ಕಾಕುವು ವಕ್ತೃವಿನ ಮನಸ್ಸಿಗೆ ಸಾಕ್ಷಿಯೇ ಹೊರತು ಘಟನೆಗೆ ಸಾಕ್ಷಿಯಲ್ಲ. ರಂಗದ ಮೇಲೆ ನಟನು ಅಳುವಾಗಲೂ ಕಂಠವು ನಡುಗುವುದು. ಕಂಠದ ಮೋಹಕ್ಕೆ ಸಿಕ್ಕಿ ದಾಖಲೆಯನ್ನು ಮರೆತ ರೂಪಕಕಾರನು ಸಹೃದಯನಾಗಿರಬಹುದು, ಪರೀಕ್ಷಕನಾಗಲಿಲ್ಲ.

೮

ಹೇಳಿದವನಲ್ಲಿ ದೋಷವಿಲ್ಲದಿದ್ದರೂ ಜೋಡಿಸಿದವನಲ್ಲಿ ದೋಷವು ಸಂಭವಿಸಬಹುದು. ವಿಚ್ಛೇದವು ಎರಡು ಬಗೆಯಾದುದೆಂದು ಇಲ್ಲಿ ಕಾಣಬರುವುದು. ವಕ್ತೃವು ತಾನಾಗಿ ನಿಲ್ಲಿಸಿದುದು ಒಂದು. ಸಂಯೋಜಕನು ಕ್ಷುರಿಕೆಯಿಂದ ಟೇಪನ್ನು ಕತ್ತರಿಸಿದುದು ಇನ್ನೊಂದು. ಕೇಳುವವನ ಕಿವಿಗೆ ಇವೆರಡರ ಭೇದವು ತಿಳಿಯದು. ಹತ್ತು ನಿಮಿಷಗಳ ಬಳಿಕ ನುಡಿದ ಉತ್ತರವನ್ನು ಪ್ರಶ್ನೆಯ ಪಕ್ಕಕ್ಕೆ ತಂದರೆ ನಿಸ್ಸಂಕೋಚವಾಗಿ ಕಾಣುವುದು. ಕೂಡಲೇ ನುಡಿದುದರ ಮುಂದೆ ಮೌನವನ್ನು ಸೇರಿಸಿದರೆ ದುಃಖವಾಗಿ ಕಾಣುವುದು. ಒಂದಕ್ಷರವನ್ನೂ ಬದಲಿಸದೆ ಅರ್ಥವನ್ನು ಪೂರ್ತಿಯಾಗಿ ಬದಲಿಸುವ ಶಕ್ತಿಯು ಈ ಕತ್ತರಿಯಲ್ಲಿ ಇರುವುದು.

ಶಾಸನವನ್ನು ಸಂಪಾದಿಸುವವರು ಕಲ್ಲು ಒಡೆದು ಅಕ್ಷರ ನಷ್ಟವಾದಲ್ಲಿ ಚುಕ್ಕಿಗಳನ್ನಿಡುವರು. ತಾವು ಊಹಿಸಿ ತುಂಬಿದುದನ್ನು ಕಂಸಗಳಲ್ಲಿಡುವರು. ಗ್ರಂಥಸಂಪಾದಕರು ಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಡುವರು. ಓದುವವನು ಬೇಕಾದರೆ ಮೂಲಕ್ಕೆ ಹೋಗಿ ಪರೀಕ್ಷಿಸಬಹುದು. ಧ್ವನಿಗೆ ಚುಕ್ಕಿಯಿಲ್ಲ, ಕಂಸವಿಲ್ಲ, ಅಡಿಟಿಪ್ಪಣಿಯಿಲ್ಲ. ಆದುದರಿಂದ ಶ್ರವ್ಯ ಸಾಕ್ಷ್ಯರೂಪಕವು ಸಂಪಾದಿತ ಗ್ರಂಥವಾದರೆ, ಕತ್ತರಿಸದ ಪೂರ್ಣ ಮುದ್ರಿಕೆಯೇ ಅದರ ಮಾತೃಕೆ. ಮಾತೃಕೆಯು ಉಳಿದಿದ್ದಲ್ಲಿ ಮಾತ್ರ ರೂಪಕವು ವಿದ್ವತ್ಪರೀಕ್ಷೆಗೆ ಒಳಪಡಬಲ್ಲದು. ಬೋಡರನ ತಂತಿಸುರುಳಿಗಳು ಉಳಿದುದರಿಂದ ಆತನು ಪಾಠಮಾಡಿದ ವಿಶ್ವವಿದ್ಯಾಲಯವು ಅವುಗಳನ್ನು ಪುನಃ ಕೇಳಿ ಬರೆಸಿ ಲೋಕಕ್ಕೆ ತೆರೆದಿಡುವುದು ಸಾಧ್ಯವಾಯಿತು. ವಿಭಜನೆಯ ನೆನಪುಗಳ ಮೂಲಮುದ್ರಿಕೆಗಳು ಬ್ರಿಟಿಷ್ ಲೈಬ್ರರಿಯನ್ನು ಸೇರಿರುವುವು. ಇವು ಅನುಕರಣಯೋಗ್ಯವಾದ ಕ್ರಮಗಳು.

ಭಾಷಾಂತರದ ವಿಷಯವೂ ಇದಕ್ಕೆ ಸೇರಿದುದೇ. ಲೋಕಪ್ರಸಾರದಲ್ಲಿ ಮೂಲಕಂಠವು ಎರಡು ಕ್ಷಣ ಕೇಳಿಸಿ ತಗ್ಗುವುದು. ಅದರ ಮೇಲೆ ಇಂಗ್ಲಿಷಿನ ಕಂಠವೊಂದು ಏರುವುದು. ಅರ್ಥವು ದಾಟುವುದು, ಕಾಕು ದಾಟುವುದಿಲ್ಲ. ಅದರ ಸ್ಥಾನದಲ್ಲಿ ಭಾಷಾಂತರಕಾರನ ಕಾಕು ಕುಳಿತುಕೊಳ್ಳುವುದು. ಮಾತೃಭಾಷೆಯಲ್ಲಿಯೇ ರೂಪಕವನ್ನು ರಚಿಸಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವು ಬೇಕಾಗಿಲ್ಲ.

೯

ಕನ್ನಡಿಗರಿಗೆ ಈ ವಿಷಯವು ದೂರದ್ದಲ್ಲ. ೧೯೩೫ರಲ್ಲಿಯೇ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಸ್ಥಾಪಿಸಿದರು. ೧೯೫೦ರಲ್ಲಿ ಧಾರವಾಡದ ನಿಲಯವು ಆರಂಭವಾಯಿತು. ಅದಕ್ಕೂ ಬಹು ಹಿಂದೆ, ಅರಸರ ಪ್ರಶಸ್ತಿಗಳು ವಂಶವನ್ನೂ ವಿಜಯವನ್ನೂ ಹೊಗಳುತ್ತಿದ್ದ ಕಾಲದಲ್ಲಿ, ಊರ ಬಾಗಿಲಲ್ಲಿ ನಿಂತ ವೀರಗಲ್ಲು ತುರುಗೋಳಿನಲ್ಲಿ ಮಡಿದ ಸಾಮಾನ್ಯನೊಬ್ಬನ ಹೆಸರನ್ನು ಉಳಿಸಿತು. ‘ಬೆಂಗಳೂರು’ ಎಂಬ ಹೆಸರು ದೊರೆಯುವ ಅತಿ ಪ್ರಾಚೀನ ಶಾಸನವೆಂದು ಪ್ರಸಿದ್ಧವಾದ ಬೇಗೂರಿನ ಶಾಸನವೂ ಕಾಳಗದಲ್ಲಿ ಸತ್ತವನೊಬ್ಬನ ಸ್ಮರಣೆಯೇ. ಇಂದು ಅದನ್ನು ಓದುವವರು ಊರ ಹೆಸರಿಗಾಗಿ ಓದುವರು. ಬರೆಯಿಸಿದವರು ಬರೆಯಿಸಿದುದು ಸತ್ತವನಿಗಾಗಿ. ದೊಡ್ಡ ವಾರ್ತೆಯ ಹಿಂದೆ ಒಬ್ಬನನ್ನು ನಿಲ್ಲಿಸಿ ತೋರಿಸಬೇಕೆಂಬ ಬಯಕೆಯು ಈ ನಾಡಿನಲ್ಲಿ ಹಳೆಯದು. ಕಲ್ಲಿಗೆ ಇಲ್ಲದ ಕಂಠವನ್ನು ಯಂತ್ರವು ಕೊಟ್ಟಿದೆ.

ಕಾರ್ಯಕ್ಷೇತ್ರಕ್ಕೂ ಕೊರತೆಯಿಲ್ಲ. ೧೯೯೦ರಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ನಗರದಿಂದ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಕೊಲ್ಲಿಯಲ್ಲಿ ದುಡಿಯಲು ಹೋಗಿದ್ದ ಕರಾವಳಿ ಕರ್ನಾಟಕದವರೂ ಅವರಲ್ಲಿದ್ದರು. ಲೋಕಕ್ಕೆ ಅದು ತೈಲದ ಮತ್ತು ಯುದ್ಧದ ವಾರ್ತೆ. ಮರಳಿಬಂದವರ ಮನೆಗಳಲ್ಲಿ ಅದು ಮರುಭೂಮಿಯ ಬಿಡಾರದಲ್ಲಿ ಕಾದ ದಿನಗಳು, ಕುವೈತಿನಲ್ಲಿಯೇ ಉಳಿದುಹೋದ ಗಳಿಕೆ. ಆ ನೆನಪುಗಳು ಇರುವುದು ತುಳು, ಕೊಂಕಣಿ, ಬ್ಯಾರಿ, ಕನ್ನಡಗಳಲ್ಲಿ. ಅಂದು ಮೂವತ್ತರ ಪ್ರಾಯದವರಾಗಿದ್ದವರು ಇಂದು ಅರವತ್ತನ್ನು ದಾಟಿರುವರು. ಬಂಗಾಳದಲ್ಲಿ ಎಂಬತ್ತು ವರ್ಷ ಕಾದುದರ ಫಲವೇನೆಂಬುದು ಮೇಲೆ ತಿಳಿದ ವಿಷಯ.

ಸಾಹಿತ್ಯಾಧ್ಯಾಪಕರು ಇಂತಹ ಸಂಗ್ರಹಕಾರ್ಯದಲ್ಲಿ ವಿದ್ಯಾರ್ಥಿಗಳನ್ನು ತೊಡಗಿಸಿದರೆ ಎರಡು ಪ್ರಯೋಜನಗಳುಂಟು. ಕಾಕು, ವಿಚ್ಛೇದ, ಆಪ್ತವಾಕ್ಯ ಎಂಬ ಪರಿಭಾಷೆಗಳು ಪುಸ್ತಕದ ಲಕ್ಷಣಗಳಾಗಿ ಉಳಿಯದೆ ಕಿವಿಗೆ ಪ್ರತ್ಯಕ್ಷವಾಗುವುವು. ಹೇಳಿದವರ ಒಪ್ಪಿಗೆಯನ್ನು ಪಡೆಯುವುದು, ದಾಖಲೆಗಳೊಡನೆ ತಾಳೆನೋಡುವುದು, ಕತ್ತರಿಸಿದುದನ್ನು ಗುರುತಿಸಿಡುವುದು, ಪೂರ್ಣ ಮುದ್ರಿಕೆಯನ್ನು ಗ್ರಂಥಾಲಯಕ್ಕೆ ಒಪ್ಪಿಸುವುದು ಎಂಬೀ ನಾಲ್ಕು ನಿಯಮಗಳನ್ನು ಪಾಲಿಸಿದರೆ, ಮುಂದಿನ ಚರಿತ್ರಕಾರನಿಗೆ ಉತ್ತಮವಾದ ಮಾತೃಕೆಗಳೂ ಸಿದ್ಧವಾಗುವುವು. ಇವುಗಳಲ್ಲಿ ಕೊನೆಯದನ್ನು ಉಪೇಕ್ಷಿಸಿದಲ್ಲಿ ಮೊದಲಿನ ಮೂರನ್ನು ಪಾಲಿಸಿದುದನ್ನು ತೋರಿಸಿಕೊಡುವ ಸಾಧನವೇ ಇರುವುದಿಲ್ಲ. ರೂಪಕವು ಒಂದು ದಿನ ಪ್ರಸಾರವಾಗಿ ಮುಗಿಯುವುದು; ಹೇಳಿದವರೂ ಒಂದು ದಿನ ಇಲ್ಲದಂತಾಗುವರು. ಆ ಮೇಲೆ ಅವರ ಪರವಾಗಿ ನುಡಿಯಬಲ್ಲುದು ಕತ್ತರಿ ತಾಗದ ಮುದ್ರಿಕೆಯೊಂದೇ.